ಹಗಲು ಅಪ್ಪನ ಸುದ್ದಿ, ರಾತ್ರಿ ನನ್ನ ಸಿನಿಮಾ: ಒಂದೇ ದೊಡ್ಡ ಟಿವಿ, ಯಾವುದು ತರಲಿ?

ತುಂಗೆಯ ದಡ (ಶಿವಮೊಗ್ಗ), ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ 43 ಇಂಚಿನ ಟಿವಿ ಕಳೆದ ವಾರದಿಂದ ಪರದೆಯ ನಡುವೆ ಹಸಿರು ಗೆರೆಯೊಂದನ್ನು ಎಳೆದುಕೊಂಡು ಕುಳಿತಿದೆ. ಸುದ್ದಿ ಓದುವವರ ಮೂಗಿನ ಮೇಲೇ ಗೆರೆ. ಅಪ್ಪ ಎರಡು ದಿನ ಸಹಿಸಿದರು. ಮೂರನೆಯ ದಿನ "ಹೊಸದು ತಾ. ಈ ಸಲ ನಿನ್ನ ಇಷ್ಟದ್ದೇ ತಾ" ಎಂದರು. ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವ ಮೊದಲು ತೀರ್ಮಾನ ಆಗಬೇಕು.

ನಮ್ಮ ಹಜಾರ 12 ಅಡಿ ಅಗಲ, 18 ಅಡಿ ಉದ್ದ. ಟಿವಿ ಪಶ್ಚಿಮದ ಗೋಡೆಗೆ, ಸೋಫಾ ಪೂರ್ವದ ಗೋಡೆಗೆ. ಕುಳಿತವರ ಕಣ್ಣಿನಿಂದ ಪರದೆಗೆ 10 ಅಡಿ. ಸೋಫಾದ ಹಿಂದೆ ದೊಡ್ಡ ಕಿಟಕಿ, ಪಕ್ಕದಲ್ಲೇ ಮುಂಬಾಗಿಲು. ಬೆಳಗ್ಗೆ ಏಳರಿಂದ ಅಪ್ಪನ ಸುದ್ದಿ ವಾಹಿನಿ, ಸಂಜೆ ಅಮ್ಮನ ಧಾರಾವಾಹಿಗಳು. ಒಂಬತ್ತೂವರೆಯ ನಂತರ ದೀಪ ಆರಿಸಿ ನಾನೊಬ್ಬನೇ ಸಿನಿಮಾ ನೋಡುತ್ತೇನೆ. ಸ್ನೇಹಿತನಿಂದ ಕೊಂಡ 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮತ್ತು ಅವುಗಳಿಗೆ ಸದ್ದು ಹಂಚುವ ಹಳೆಯ ರಿಸೀವರ್ ಇದೆ. ಒಟ್ಟು 1.75 ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ.

65 ಇಂಚಿನ ಒಎಲ್‌ಇಡಿಯೋ, ಪರದೆಯ ಹಿಂದೆ ಪುಟ್ಟ ದೀಪಗಳಿರುವ 75 ಇಂಚಿನ ಮಿನಿ ಎಲ್‌ಇಡಿಯೋ? ಅಂಗಡಿಯ ಹುಡುಗ "ಕಣ್ಣು ಮುಚ್ಚಿಕೊಂಡು ಒಎಲ್‌ಇಡಿ ತೆಗೆದುಕೊಳ್ಳಿ ಸರ್" ಎಂದ. ಟಿವಿಯನ್ನು ಕಣ್ಣು ಮುಚ್ಚಿಕೊಂಡು ಕೊಳ್ಳುವುದು ಸರಿಯೇ ಎಂಬ ಅನುಮಾನದಿಂದ ಇಲ್ಲಿ ಕೇಳುತ್ತಿದ್ದೇನೆ.

ಕತ್ತಲೆಕೋಣೆ (ಬೆಂಗಳೂರು), ಮಾರ್ಚ್ 8

ಆ ಹುಡುಗ ಹೇಳಿದ್ದು ಸರಿಯಾಗಿಯೇ ಇದೆ. ಕತ್ತಲೆಯಲ್ಲಿ ಸಿನಿಮಾ ನೋಡುವವರಿಗೆ ಒಎಲ್‌ಇಡಿ ಬಿಟ್ಟು ಬೇರೆ ಮಾತೇ ಇಲ್ಲ.

ಸಾಮಾನ್ಯ ಎಲ್‌ಇಡಿ ಟಿವಿಯಲ್ಲಿ ಪರದೆಯ ಹಿಂದೆ ದೀಪಗಳಿರುತ್ತವೆ, ಮುಂದೆ ಆ ಬೆಳಕನ್ನು ತಡೆಯುವ ಎಲ್‌ಸಿಡಿ ಪದರ. ಪದರ ಎಷ್ಟೇ ಬಿಗಿಯಾಗಿ ಮುಚ್ಚಿಕೊಂಡರೂ ಒಂದಿಷ್ಟು ಬೆಳಕು ಸೋರುತ್ತದೆ. ಹಾಗಾಗಿ ಕಪ್ಪು ಎಂದರೆ ಬೂದಿ ಬಳಿದ ಕಪ್ಪು. ಒಎಲ್‌ಇಡಿಯಲ್ಲಿ ಪ್ರತಿಯೊಂದು ಪಿಕ್ಸೆಲ್ಲೂ, ಅಂದರೆ ಚಿತ್ರದ ಒಂದೊಂದು ಚುಕ್ಕೆಯೂ, ತಾನೇ ದೀಪ. ಕಪ್ಪು ಬೇಕಾದಾಗ ಅದು ಆರಿಯೇಬಿಡುತ್ತದೆ. ಕೋಣೆಯ ದೀಪ ಆರಿಸಿರುವಾಗ ಚಿತ್ರದ ಮೇಲೂ ಕೆಳಗೂ ಇರುವ ಕಪ್ಪು ಪಟ್ಟಿ ಗೋಡೆಯೊಳಗೆ ಕರಗಿಹೋಗುತ್ತದೆ. ಟಿವಿ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಇಲ್ಲ. ನಾನು ಮೊದಲ ರಾತ್ರಿ ಟಿವಿ ಆಫ್ ಆಗಿದೆ ಎಂದುಕೊಂಡು ರಿಮೋಟ್ ಹುಡುಕಿದ್ದೆ. ಚಿತ್ರದಲ್ಲಿ ಕಪ್ಪು ದೃಶ್ಯ ನಡೆಯುತ್ತಿತ್ತು, ಅಷ್ಟೆ.

ಸ್ಕ್ರೂಡ್ರೈವರ್ (ಮಂಗಳೂರು), ಮಾರ್ಚ್ 8

ಕತ್ತಲೆಕೋಣೆಯವರೇ, ನೀವು ರಾತ್ರಿಯ ಎರಡು ಗಂಟೆಯ ಲೆಕ್ಕ ಹೇಳಿದಿರಿ. ಹಗಲಿನ ಹದಿನಾಲ್ಕು ಗಂಟೆಯ ಲೆಕ್ಕ ಯಾರು ಹೇಳುವುದು?

ನಾನು ಟಿವಿ ರಿಪೇರಿಯಲ್ಲಿ ಇಪ್ಪತ್ತು ವರ್ಷ ಕಳೆದವನು. ಕಳೆದ ವರ್ಷ ಒಂದು ಕ್ಲಿನಿಕ್ಕಿನಿಂದ ಕರೆ ಬಂತು. ಕಾಯುವ ಕೋಣೆಯಲ್ಲಿ ಒಎಲ್‌ಇಡಿ, ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದೇ ಸುದ್ದಿ ವಾಹಿನಿ. "ವಾಹಿನಿ ಬದಲಿಸಿದರೂ ಹಳೆಯದರ ಹೆಸರು ಹೋಗುವುದಿಲ್ಲ" ಎಂಬುದು ಅವರ ದೂರು. ಪರದೆಗೆ ಪೂರ್ತಿ ಬೂದು ಬಣ್ಣ ಹಾಕಿ ನೋಡಿದೆ. ಮೂಲೆಯಲ್ಲಿ ಲಾಂಛನ, ಕೆಳಗೆ ಬ್ರೇಕಿಂಗ್ ನ್ಯೂಸ್ ಪಟ್ಟಿ, ಅದರ ಮೇಲೆ ಗಡಿಯಾರದ ಚೌಕ. ಹಳೆಯ ಗೋಡೆಯಿಂದ ದೇವರ ಫೋಟೊ ತೆಗೆದಾಗ ಉಳಿಯುವ ಗುರುತಿನ ಹಾಗೆ.

ಕಾರಣ ಸರಳ. ಪ್ರತಿಯೊಂದು ಪಿಕ್ಸೆಲ್ಲೂ ದೀಪ ಎಂದರಲ್ಲ, ದೀಪ ಉರಿದಷ್ಟೂ ಸವೆಯುತ್ತದೆ. ಎಲ್ಲವೂ ಒಂದೇ ಸಮ ಸವೆದರೆ ನಮಗೆ ಗೊತ್ತಾಗುವುದಿಲ್ಲ. ಒಂದು ಜಾಗದಲ್ಲಿ ದಿನವಿಡೀ ಅದೇ ಕೆಂಪು ಪಟ್ಟಿ ಉರಿದರೆ ಆ ಭಾಗ ಬೇಗ ಮುದಿಯಾಗುತ್ತದೆ. ಸಿನಿಮಾ, ಧಾರಾವಾಹಿ, ಕ್ರಿಕೆಟ್ ಎಂದು ಬೆರೆಸಿ ನೋಡುವ ಮನೆಗಳಲ್ಲಿ ಈ ತೊಂದರೆ ವರ್ಷಗಟ್ಟಲೆ ಬಾರದಿರುವುದನ್ನೂ ನೋಡಿದ್ದೇನೆ. ನಮ್ಮ ಕನ್ನಡದ ಸುದ್ದಿ ವಾಹಿನಿಗಳಲ್ಲಿ ಮಾತ್ರ ಪರದೆಯ ಅರ್ಧ ಭಾಗ ಅಲುಗಾಡದ ಪಟ್ಟಿಗಳೇ.

ಇನ್ನೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುತ್ತಾರೆಯೇ?

ತುಂಗೆಯ ದಡ, ಮಾರ್ಚ್ 8

ಆರಿಸುತ್ತಾರೆಯೇ ಎಂದು ಕೇಳಿದಿರಾ! ಅದು ಅಪ್ಪನ ನಿತ್ಯಕರ್ಮ. ಗ್ಯಾಸ್, ಹಿಂಬಾಗಿಲು, ಟಿವಿ ಸ್ವಿಚ್, ಆಮೇಲೆ ನಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸ್ಕ್ರೂಡ್ರೈವರ್, ಮಾರ್ಚ್ 8

ಸಂಬಂಧ ಇದೆ. ಒಎಲ್‌ಇಡಿ ಟಿವಿ ಕೆಲವು ಗಂಟೆ ಓಡಿದ ಮೇಲೆ, ರಿಮೋಟ್‌ನಲ್ಲಿ ಆರಿಸಿದಾಗ, ತನ್ನ ಪಾಡಿಗೆ ತಾನು ಪಿಕ್ಸೆಲ್‌ಗಳನ್ನು ಅಳೆದು ಸವೆತವನ್ನು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೆ ವಿದ್ಯುತ್ ಬೇಕು. ಗೋಡೆಯ ಸ್ವಿಚ್ ಆರಿಸಿದರೆ ಆ ಕೆಲಸ ನಡೆಯುವುದೇ ಇಲ್ಲ. ದಿನವೂ ಹೀಗಾದರೆ ಗುರುತು ಬೇಗ ಮೂಡುತ್ತದೆ. ಕಂಪನಿಗಳು ಇದನ್ನು ಪುಸ್ತಿಕೆಯಲ್ಲಿ ಬರೆದಿರುತ್ತವೆ. ಪುಸ್ತಿಕೆಯನ್ನು ನಾವು ಡಬ್ಬಿಯ ಜೊತೆ ಅಟ್ಟಕ್ಕೆ ಹಾಕುತ್ತೇವೆ.

ಅಳತೆಪಟ್ಟಿ (ಹುಬ್ಬಳ್ಳಿ), ಮಾರ್ಚ್ 9

ತಂತ್ರಜ್ಞಾನದ ಜಗಳ ಆಮೇಲೆ. ಮೊದಲು ಅಳತೆ.

ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಗೋಡೆಯ ಮೇಲೆ ನಿಜವಾಗಿ ಸಿಗುವುದು ಬೇರೆ: 65 ಇಂಚಿನ ಪರದೆ ಸುಮಾರು 144 ಸೆಂ.ಮೀ. ಅಗಲ, 81 ಸೆಂ.ಮೀ. ಎತ್ತರ. 75 ಇಂಚಿನದು 166 ಅಗಲ, 93 ಎತ್ತರ. ಹತ್ತು ಇಂಚಿನ ವ್ಯತ್ಯಾಸ ಎಂದು ಹಗುರವಾಗಿ ನೋಡಬೇಡಿ, ವಿಸ್ತೀರ್ಣದಲ್ಲಿ ಅದು ಮೂರನೇ ಒಂದು ಭಾಗದಷ್ಟು ಹೆಚ್ಚು.

ಸಿನಿಮಾ ನೋಡಲು ಪರದೆ ನಮ್ಮ ನೋಟದಲ್ಲಿ ಕನಿಷ್ಠ 30 ಡಿಗ್ರಿಯಾದರೂ ತುಂಬಬೇಕು ಎಂಬುದು ಹಳೆಯ ಲೆಕ್ಕ. ಚಿತ್ರಮಂದಿರದ ಅನುಭವ ಬೇಕೆನ್ನುವವರು 40 ಡಿಗ್ರಿ ಎನ್ನುತ್ತಾರೆ. ನಿಮ್ಮ 10 ಅಡಿಯಲ್ಲಿ 65 ಇಂಚು ತುಂಬುವುದು ಸುಮಾರು 27 ಡಿಗ್ರಿ, 75 ಇಂಚು 30ಕ್ಕೆ ತುಸು ಮೇಲೆ. ಈಗಿನ 43 ಇಂಚು 18 ಡಿಗ್ರಿಯೂ ಇಲ್ಲ, ಅಂದರೆ ಇಷ್ಟು ದಿನ ನೀವು ಸಿನಿಮಾ ನೋಡಿದ್ದು ಎದುರುಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ.

ಅಗಲ ಪರದೆಯ ಚಿತ್ರಗಳ ವಿಷಯವೂ ಇದೆ. 2.39ಕ್ಕೆ 1ರ ಅನುಪಾತದ ಸಿನಿಮಾ ಹಾಕಿದರೆ 65 ಇಂಚಿನಲ್ಲಿ ಚಿತ್ರದ ಎತ್ತರ ಬರೀ 60 ಸೆಂ.ಮೀ. ಉಳಿದದ್ದು ಕಪ್ಪು ಪಟ್ಟಿ. ಅದು ಗೋಡೆಯೊಳಗೆ ಕರಗಿದರೂ ಅಷ್ಟೆ, ಕರಗದಿದ್ದರೂ ಅಷ್ಟೆ, ಚಿತ್ರ ದೊಡ್ಡದಾಗುವುದಿಲ್ಲ.

ಒಂದು ಕೆಲಸ ಮಾಡಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ 166 × 93ರ ಹಾಳೆ ಮಾಡಿ, ಗೋಡೆಗೆ ಹಚ್ಚಿ, ನಾಲ್ಕು ದಿನ ಬಿಡಿ. ಮನೆಯವರ ಅಭಿಪ್ರಾಯ ತಾನಾಗಿಯೇ ಹೊರಗೆ ಬರುತ್ತದೆ.

ಕೊನೆಯದಾಗಿ, ನಿಮ್ಮ ಸೆಟ್ ಟಾಪ್ ಬಾಕ್ಸ್ ಎಚ್‌ಡಿಯೇ? ಸಾಧಾರಣ ಎಸ್‌ಡಿ ವಾಹಿನಿಯ ಚಿತ್ರದಲ್ಲಿ ಹೆಚ್ಚೆಂದರೆ 720 × 576 ಪಿಕ್ಸೆಲ್. 4ಕೆ ಪರದೆಯಲ್ಲಿ 3840 × 2160. ಗುಣಿಸಿ ಭಾಗಿಸಿ ನೋಡಿ, ಸರಿಯಾಗಿ 20 ಪಟ್ಟು. ಬಂದ ಒಂದೊಂದು ಚುಕ್ಕೆಯಿಂದ ಇಪ್ಪತ್ತು ಚುಕ್ಕೆ ಕಟ್ಟುವ ಕೆಲಸ ಟಿವಿಯದ್ದು. 75 ಇಂಚಿನಲ್ಲಿ ನಟಿಯರ ಮುಖ ನೀರಿನಲ್ಲಿ ನೆನೆದ ಪೋಸ್ಟರಿನಂತೆ ಕಾಣುತ್ತದೆ. ಟಿವಿ ಬರುವ ಮೊದಲು ಎಚ್‌ಡಿ ಪ್ಯಾಕ್ ಹಾಕಿಸಿ.

ಗುಮ್ಮಟ (ವಿಜಯಪುರ), ಮಾರ್ಚ್ 9

ಇಷ್ಟೆಲ್ಲ ಯಾಕೆ? ಪ್ರೊಜೆಕ್ಟರ್ ತನ್ನಿ, ನೂರು ಇಂಚು ಸಿಗುತ್ತದೆ.

ಅಳತೆಪಟ್ಟಿ, ಮಾರ್ಚ್ 9

ಬೆಳಗ್ಗೆ ಏಳಕ್ಕೆ, ಪೂರ್ವದ ಕಿಟಕಿ ತೆರೆದಿರುವಾಗ, ಅಪ್ಪ ನೂರು ಇಂಚಿನ ಬಿಳಿ ಗೋಡೆ ನೋಡುತ್ತಾ ಕೂರಬೇಕಾಗುತ್ತದೆ.

ಅಡುಗೆಮನೆಯ ಕಿಟಕಿ (ಮೈಸೂರು), ಮಾರ್ಚ್ 9

ಎಲ್ಲರೂ ಅಪ್ಪ ಮತ್ತು ಮಗನ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಮ್ಮ ಎಲ್ಲಿ ಕುಳಿತು ಧಾರಾವಾಹಿ ನೋಡುತ್ತಾರೆ?

ಕೇಳಲು ಕಾರಣವಿದೆ. ನಮ್ಮ ಮನೆಯಲ್ಲಿ ಟಿವಿ ಕೊಂಡದ್ದು ಸೋಫಾದಲ್ಲಿ ಕೂರುವವರನ್ನು ನೋಡಿ. ನಮ್ಮ ಅತ್ತೆ ಕೂರುವುದು ಊಟದ ಮೇಜಿನ ಬಳಿ, ಅವರೆಕಾಯಿ ಬಿಡಿಸುತ್ತಾ, ಪಕ್ಕದಿಂದ. ಅಲ್ಲಿಂದ ನೋಡಿದರೆ ಬಣ್ಣವೆಲ್ಲ ತೊಳೆದು ಹಾಕಿದ ಹಾಗೆ. ಆಮೇಲೆ ತಿಳಿಯಿತು, ನಮ್ಮದು ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್. ಎದುರಿಗೆ ಕುಳಿತರೆ ಕಪ್ಪು ಚೆನ್ನ, ಪಕ್ಕಕ್ಕೆ ಸರಿದರೆ ಬಣ್ಣ ಪೇಲವ. ಐಪಿಎಸ್ ಎಂಬ ಇನ್ನೊಂದು ಬಗೆ ಇದೆ. ಅದು ಪಕ್ಕದಿಂದಲೂ ಚೆನ್ನಾಗಿ ಕಾಣುತ್ತದೆ, ಆದರೆ ಕತ್ತಲೆಯಲ್ಲಿ ಕಪ್ಪು ಬೂದಿಯಾಗುತ್ತದೆ. ಒಎಲ್‌ಇಡಿಗೆ ಈ ಕಷ್ಟವಿಲ್ಲ, ಯಾವ ಮೂಲೆಯಿಂದಲಾದರೂ ಸರಿ.

ಇನ್ನೊಂದು, ಎತ್ತರ. ಬಡಗಿಯ ಕೈಯಲ್ಲಿ ಟಿವಿ ಯೂನಿಟ್ ಮಾಡಿಸಿದರೆ ಅವನು ನಿಂತುಕೊಂಡು ಅಳೆಯುತ್ತಾನೆ, ನಾವು ಕುಳಿತುಕೊಂಡು ನೋಡುತ್ತೇವೆ. ನಮ್ಮದು ಐದು ಅಡಿ ಮೇಲಿದೆ. ದೇವಸ್ಥಾನದ ಗೋಪುರ ನೋಡಿದ ಹಾಗೆ ಕತ್ತೆತ್ತಿ ನೋಡುತ್ತೇವೆ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಮೂರೂವರೆ ಅಡಿ ಇರುತ್ತದೆ. ಪರದೆಯ ನಡುಭಾಗ ಅದರ ಆಸುಪಾಸಿನಲ್ಲಿರಲಿ. 75 ಇಂಚಿನದಾದರೆ ಕೆಳ ಅಂಚು ನೆಲದಿಂದ ಎರಡೇ ಅಡಿಗೆ ಬರುತ್ತದೆ. ನೋಡಿದವರು "ಇಷ್ಟು ಕೆಳಗೆ ಯಾಕೆ" ಎನ್ನುತ್ತಾರೆ, ಎನ್ನಲಿ ಬಿಡಿ.

ತುಂಗೆಯ ದಡ, ಮಾರ್ಚ್ 10

ಮೇಡಂ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ಅಮ್ಮ ಕೂರುವುದು ಅಡುಗೆಮನೆಯ ಬಾಗಿಲ ಬಳಿಯ ಕುರ್ಚಿಯಲ್ಲಿ. ಟಿವಿಗೆ ಸುಮಾರು 45 ಡಿಗ್ರಿ ಓರೆ. ಹತ್ತು ವರ್ಷದಿಂದ ಅಲ್ಲಿಯೇ ಕೂರುತ್ತಿದ್ದಾರೆ, ನಾನು ಒಮ್ಮೆಯೂ ಗಮನಿಸಿರಲಿಲ್ಲ.

ಇನ್ನು ಬೆಳಕು. ನಮ್ಮದು ಕೆಂಪು ಗಾರೆಯ ನೆಲ, ಅಮ್ಮ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಾರೆ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಬಿಸಿಲು ನೇರ ಪರದೆಗೂ ಬೀಳುತ್ತದೆ, ನೆಲದಿಂದಲೂ ಪುಟಿಯುತ್ತದೆ. ಪರದೆಯಲ್ಲಿ ಕಾಣುವುದು ಸುದ್ದಿಯಲ್ಲ, ನಮ್ಮ ಮನೆಯ ಕಿಟಕಿಯ ಸರಳುಗಳು. ಬೆಳಗಿನ ಹೊತ್ತು ಬಾಗಿಲು, ಕಿಟಕಿ ಮುಚ್ಚುವ ಹಾಗಿಲ್ಲ. ಲಕ್ಷ್ಮಿ ಬರುವ ಹೊತ್ತಂತೆ.

ಪತ್ರಿಕೆಯ ಹಾಳೆ ಅಂಟಿಸಿದ್ದೇನೆ. ಅಪ್ಪ ಈಗ ಗೋಡೆಯ ಮುಂದೆ ನಿಂತು ಜನವರಿಯ ಸುದ್ದಿ ಓದುತ್ತಿದ್ದಾರೆ.

ಕತ್ತಲೆಕೋಣೆ, ಮಾರ್ಚ್ 10

ಸರಿ, ಹಠ ಬಿಟ್ಟು ಹೇಳುತ್ತೇನೆ. ಆ ಬಿಸಿಲು, ಆ ಸುದ್ದಿ ಪಟ್ಟಿ, ಆ ಸ್ವಿಚ್, ಮೂರೂ ಇರುವ ಮನೆಗೆ ಒಎಲ್‌ಇಡಿ ಬೇಡ. ಪೂರ್ತಿ ಪರದೆ ಬೆಳ್ಳಗಿರುವ ದೃಶ್ಯಗಳಲ್ಲಿ ಅದು ತನ್ನ ಹೊಳಪನ್ನು ತಾನೇ ಇಳಿಸಿಕೊಳ್ಳುತ್ತದೆ, ಬಿಸಿಲಿನ ಎದುರು ಸೋಲುತ್ತದೆ.

ಮಿನಿ ಎಲ್‌ಇಡಿಯಲ್ಲಿ ಏನು ಬಿಟ್ಟುಕೊಡುತ್ತೀರಿ ಎಂಬುದನ್ನಾದರೂ ತಿಳಿದ ಮೇಲೆ ಖರೀದಿಸಿ. ಹಿಂದೆ ಪುಟ್ಟ ಪುಟ್ಟ ದೀಪಗಳು, ಅವುಗಳನ್ನು ನೂರಾರು ವಲಯಗಳಾಗಿ ಹಂಚಿರುತ್ತಾರೆ. ಕತ್ತಲೆಯ ವಲಯದಲ್ಲಿ ದೀಪ ಮಂಕಾಗುತ್ತದೆ, ಬೆಳಕಿನ ವಲಯದಲ್ಲಿ ಉರಿಯುತ್ತದೆ. ಆದರೆ 4ಕೆ ಪರದೆಯಲ್ಲಿ ಪಿಕ್ಸೆಲ್‌ಗಳು 83 ಲಕ್ಷ. ಕೆಲವು ನೂರು ವಲಯಗಳು ಅಷ್ಟನ್ನು ಹೇಗೆ ಕಾಯುತ್ತವೆ? ಕಪ್ಪು ಆಕಾಶದಲ್ಲಿ ಚಂದ್ರ ಬಂದರೆ ಸುತ್ತಲೂ ಮಸುಕು ಪ್ರಭೆ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಡಿಬರಹ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಬಂದಾಗಲೆಲ್ಲ ಅದರ ಹಿಂದೆ ಮಂಜು ಎದ್ದು ಮಾಯವಾಗುತ್ತದೆ. ನೀವು ರಾತ್ರಿ ನೋಡುವುದು ಕನ್ನಡ ಸಿನಿಮಾವೋ, ಅಡಿಬರಹ ಇರುವ ಮಲಯಾಳಂ ಸಿನಿಮಾವೋ?

ತುಂಗೆಯ ದಡ, ಮಾರ್ಚ್ 10

ಈ ಪ್ರಶ್ನೆಗೆ ಉತ್ತರಿಸದೆ ಇರಬಹುದೇ?

ಕತ್ತಲೆಕೋಣೆ, ಮಾರ್ಚ್ 10

ಅರ್ಥವಾಯಿತು. ನನ್ನದೂ ಅದೇ ಕಥೆ. ಹಾಗಾದರೆ ಎರಡು ಉಪಾಯ. ಅಡಿಬರಹದ ಬಣ್ಣವನ್ನು ಬಿಳಿಯಿಂದ ಬೂದುಬಣ್ಣಕ್ಕೆ ಇಳಿಸಿ, ಬಹಳಷ್ಟು ಆ್ಯಪ್‌ಗಳಲ್ಲಿ ಆ ಅವಕಾಶ ಇದೆ. ಟಿವಿಯ ಹಿಂದೆ ಗೋಡೆಗೆ ಬೀಳುವಂತೆ ಒಂದು ಮಂದ ಬಿಳಿ ದೀಪವನ್ನೂ ಇಡಿ. ಕಣ್ಣಿಗೆ ಹಿತ, ಪ್ರಭೆಯೂ ಅಷ್ಟಾಗಿ ಕಾಣುವುದಿಲ್ಲ.

ಎಚ್‌ಡಿಆರ್, ಅಂದರೆ ಬೆಳಕು ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ವಿಧಾನದ ಬಗ್ಗೆ ಒಂದೇ ಮಾತು. ಅದರ ಒಂದು ಬಗೆಯಾದ ಡಾಲ್ಬಿ ವಿಷನ್ ಬೇಕೆಂದರೆ ಸ್ಯಾಮ್‌ಸಂಗ್ ಟಿವಿಗಳಲ್ಲಿ ಸಿಗುವುದಿಲ್ಲ, ಅವರದು ಎಚ್‌ಡಿಆರ್10+ ದಾರಿ. ಡಾಲ್ಬಿ ವಿಷನ್ ಇಲ್ಲದಿದ್ದರೆ ಅದೇ ಸಿನಿಮಾ ಸಾಧಾರಣ ಎಚ್‌ಡಿಆರ್10ರಲ್ಲಿ ಓಡುತ್ತದೆ. ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಟಿವಿಯ ಹೊಳಪು ಮತ್ತು ವಲಯಗಳ ಸಂಖ್ಯೆ ಮುಖ್ಯ, ಪೆಟ್ಟಿಗೆಯ ಮೇಲಿನ ಲಾಂಛನವಲ್ಲ.

ಫ್ರೀಮಾಂಟ್ ಕನ್ನಡಿಗ (ಕ್ಯಾಲಿಫೋರ್ನಿಯ), ಮಾರ್ಚ್ 10

ಶಿವಮೊಗ್ಗದ ಹೆಸರು ನೋಡಿ ಒಳಗೆ ಬಂದೆ. "ಅಮೆರಿಕದಲ್ಲಿ ಅಗ್ಗ, ಬರುವಾಗ ಒಂದು ತಾ" ಎಂದು ಯಾರಾದರೂ ನೆಂಟರಿಗೆ ಹೇಳುವ ಯೋಚನೆಯಲ್ಲಿದ್ದರೆ ಬಿಟ್ಟುಬಿಡಿ. ಇಲ್ಲಿನ ವಾರಂಟಿ ಅಲ್ಲಿ ನಡೆಯುವುದಿಲ್ಲ, ಇಲ್ಲಿನ ಮನೆಗಳ ವಿದ್ಯುತ್ 120 ವೋಲ್ಟ್. ವಿಮಾನದಲ್ಲಿ ಬರುವವರ ಸುಂಕವಿಲ್ಲದ ಸಾಮಾನಿನ ಪಟ್ಟಿಯಿಂದ ಚಪ್ಪಟೆ ಟಿವಿಗಳನ್ನು 2013ರಲ್ಲೇ ಹೊರಗಿಟ್ಟರು. ಆ ವರ್ಷ ನಾನೇ ಕೈ ಸುಟ್ಟುಕೊಂಡಿದ್ದೇನೆ. ಅಲ್ಲದೆ ಭಾರತದಲ್ಲಿ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ನಿಮ್ಮೂರಿನ ನೆಹರೂ ರಸ್ತೆಯಲ್ಲೇ ಕೊಳ್ಳಿ.

ಹಳೆಯ ರೇಡಿಯೊ (ಧಾರವಾಡ), ಮಾರ್ಚ್ 11

ತಮ್ಮಾ, ಎಲ್ಲರೂ ಕಣ್ಣಿನ ಮಾತಾಡಿದರು. ಕಿವಿಯ ಮಾತು ಒಂದಿಷ್ಟು ಕೇಳು. ನಾನು ನಿವೃತ್ತ, ನನಗೆ ಸಮಯವಿದೆ. ನಿನಗೂ ಇರಲಿ.

ನಿನ್ನ ರಿಸೀವರ್ ಹಳೆಯದು ಎಂದೆ. ಅದರ ಹಿಂದೆ ಎಚ್‌ಡಿಎಂಐ ಔಟ್ ಪಕ್ಕದಲ್ಲಿ "ಎಆರ್‌ಸಿ" ಎಂದು ಬರೆದಿದೆಯೇ ನೋಡು. ಇದ್ದರೆ ಯಾವ ಚಿಂತೆಯೂ ಇಲ್ಲ. ಹೊಸ ಟಿವಿಯ ಚಿತ್ರವನ್ನು ಹಳೆಯ ರಿಸೀವರ್ ಮೂಲಕ ಹಾಯಿಸಬೇಡ, ಅದಕ್ಕೆ 4ಕೆ ಎಚ್‌ಡಿಆರ್ ತಿಳಿಯದೆ ಇರಬಹುದು. ಎಲ್ಲ ಪೆಟ್ಟಿಗೆಗಳನ್ನೂ ನೇರ ಟಿವಿಗೇ ಚುಚ್ಚು. ಟಿವಿಯಿಂದ ಸದ್ದು ಮಾತ್ರ ಎಆರ್‌ಸಿ ಕೇಬಲ್ಲಿನಲ್ಲಿ ರಿಸೀವರ್‌ಗೆ ಇಳಿಯುತ್ತದೆ.

ಅಂಗಡಿಯವರು "ಇಎಆರ್‌ಸಿ ಬೇಕೇ ಬೇಕು, ರಿಸೀವರ್ ಬದಲಿಸಿ" ಎಂದಾರು. ಇಎಆರ್‌ಸಿ ಎಂದರೆ ಎಆರ್‌ಸಿಯ ಸುಧಾರಿಸಿದ ರೂಪ, ಒಳ್ಳೆಯದೇ. ಆದರೆ ಅದರ ಪೂರ್ತಿ ಉಪಯೋಗ ಬ್ಲೂ-ರೇ ಡಿಸ್ಕಿನಲ್ಲಿ ಬರುವ, ಏನನ್ನೂ ಕಳೆದುಕೊಳ್ಳದ ಧ್ವನಿಗೆ. ಅಂತರಜಾಲದಿಂದ ಬರುವ ಸಿನಿಮಾಗಳ ಧ್ವನಿ, ಸುತ್ತಲಿಂದಲೂ ಮೇಲಿನಿಂದಲೂ ಕೇಳಿಸುವ ಅಟ್ಮಾಸ್ ಸಹಿತ, ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುತ್ತದೆ. ಅದು ಸಾಧಾರಣ ಎಆರ್‌ಸಿಯಲ್ಲೂ ಇಳಿಯುತ್ತದೆ. ನಿನ್ನ ರಿಸೀವರ್ ಅದನ್ನು ಒಪ್ಪದಿದ್ದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಬರೀ ಡಾಲ್ಬಿ ಡಿಜಿಟಲ್ ಎಂದು ಆರಿಸು, 5.1 ಎಲ್ಲಿಗೂ ಹೋಗುವುದಿಲ್ಲ.

ಹಣ ಉಳಿದರೆ ನಡುವಿನ ಸ್ಪೀಕರ್ ಮೇಲೆ ಹಾಕು. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ. "ಹಾಡು, ಬಾಂಬು ಜೋರಾಗಿ ಕೇಳುತ್ತದೆ, ಮಾತು ಕೇಳುವುದಿಲ್ಲ" ಎಂದು ಮನೆಮನೆಯಲ್ಲೂ ಗೊಣಗುವುದು ಕೇಳಿದ್ದೀಯಲ್ಲ. ಹೆಚ್ಚಿನ ಮನೆಗಳಲ್ಲಿ ಆ ಸ್ಪೀಕರ್ ಟಿವಿ ಯೂನಿಟ್ಟಿನ ಖಾನೆಯೊಳಗೆ, ಹೂದಾನಿಯ ಹಿಂದೆ, ಮಂಡಿಯ ಕಡೆ ಮುಖ ಮಾಡಿ ಕುಳಿತಿರುತ್ತದೆ. ಅದನ್ನು ಖಾನೆಯ ಅಂಚಿಗೆ ಎಳೆದು, ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು, ಮುಖವನ್ನು ಕಿವಿಯ ಕಡೆ ಎತ್ತು. ಇದಕ್ಕೆ ಖರ್ಚು ಎರಡು ರೂಪಾಯಿ.

ತುಟಿ ಮತ್ತು ಮಾತು ಹೊಂದದಿದ್ದರೆ ರಿಸೀವರ್‌ನಲ್ಲಿ ವಿಳಂಬದ ಹೊಂದಿಕೆ ಇರುತ್ತದೆ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಸುದ್ದಿ ಓದುವವರ ತುಟಿ ನೋಡಿ ಹೊಂದಿಸು, ಅವರಿಗಿಂತ ಸ್ಪಷ್ಟವಾಗಿ ಬಾಯಿ ತೆರೆಯುವವರು ಬೇರೆ ಇಲ್ಲ.

ಅಳತೆಪಟ್ಟಿ, ಮಾರ್ಚ್ 11

ಅಂಗಡಿಗೆ ಹೋಗುವ ಮುನ್ನ: ಅವರು ತೋರಿಸುವ ಹೂವು, ಜೇನು, ಐಸ್‌ಕ್ರೀಂ ನೋಡಬೇಡಿ. ಆ ದೃಶ್ಯಗಳಲ್ಲಿ ಎಲ್ಲ ಟಿವಿಯೂ ಚಂದವೇ. ಪೆನ್‌ಡ್ರೈವ್‌ನಲ್ಲಿ ನೀವೇ ಮೂರು ತುಣುಕು ಒಯ್ಯಿರಿ. ಒಂದು, ರಾತ್ರಿಯ ದೃಶ್ಯ. ಎರಡು, ಅಡಿಬರಹ ಇರುವ ಸಿನಿಮಾ. ಮೂರು, ಕ್ರಿಕೆಟ್.

ಕ್ರಿಕೆಟ್ ಯಾಕೆಂದರೆ, ಚೆಂಡು ಗಡಿಯ ಕಡೆ ಓಡುವಾಗ ಕ್ಯಾಮೆರಾ ಹಸಿರು ಮೈದಾನದ ಮೇಲೆ ಉದ್ದಕ್ಕೆ ಸರಿಯುತ್ತದಲ್ಲ, ಆಗ ಪ್ಯಾನೆಲ್ಲಿನ ಕೊಳೆ ಹೊರಬೀಳುತ್ತದೆ. ಮೈದಾನ ಸರಿಯುತ್ತದೆ, ಆದರೆ ಕೆಲವು ಮಬ್ಬು ಕಲೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ದೊಡ್ಡ ಎಲ್‌ಇಡಿ ಪರದೆಗಳಲ್ಲಿ ಹಿಂಬೆಳಕು ಎಲ್ಲ ಕಡೆ ಸಮನಾಗಿ ಇಲ್ಲದಿದ್ದಾಗ ಹೀಗಾಗುತ್ತದೆ. ಒಂದೇ ಮಾದರಿಯ ಎರಡು ಟಿವಿಗಳಲ್ಲೂ ಇದು ಬೇರೆ ಬೇರೆ ಇರುತ್ತದೆ.

ಇನ್ನು ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ತೋರಿಸುತ್ತದೆ ಎಂಬ ಲೆಕ್ಕ. ಪ್ಯಾನೆಲ್ ನಿಜವಾಗಿ 120 ಹರ್ಟ್ಸ್ ಇದೆಯೇ ಎಂದು ಬರವಣಿಗೆಯಲ್ಲಿ ನೋಡಿ. "ಮೋಷನ್" ಎಂಬ ಪದದ ಪಕ್ಕದಲ್ಲಿರುವ ಸಂಖ್ಯೆಗಳೆಲ್ಲ ಮದುವೆ ಮಾತುಕತೆಯಲ್ಲಿ ಹೇಳುವ ಸಂಬಳದ ಹಾಗೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. 120ನ್ನು 24ರಿಂದ ಭಾಗಿಸಿದರೆ ಸರಿಯಾಗಿ 5, ಪ್ರತಿ ಚೌಕಟ್ಟಿಗೂ ಸಮಪಾಲು. 60ನ್ನು ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಆಗುವುದಿಲ್ಲವಾದ್ದರಿಂದ ಒಂದನ್ನು ಎರಡು ಸಲ, ಇನ್ನೊಂದನ್ನು ಮೂರು ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನಕ್ಕೆ ಸರಿಯುವಾಗ ಚಿತ್ರ ಕುಂಟಿದಂತೆ ಕಾಣುವುದು ಅದಕ್ಕೇ.

ಸ್ಕ್ರೂಡ್ರೈವರ್, ಮಾರ್ಚ್ 12

ನಿಮ್ಮ ಕಡೆ ಏಪ್ರಿಲ್‌ನಲ್ಲಿ ಗುಡುಗು ಶುರುವಾಗುತ್ತದೆ. ನನ್ನ ಬಳಿ ಬರುವ ಸತ್ತ ಟಿವಿಗಳಲ್ಲಿ ಅರ್ಧದಷ್ಟು ಮುಂಗಾರಿಗೆ ಮುಂಚಿನ ಎರಡು ತಿಂಗಳ ಫಸಲು.

ಸ್ಟೆಬಿಲೈಸರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬಹಳಷ್ಟು ಹೊಸ ಟಿವಿಗಳ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ವೋಲ್ಟೇಜ್ ಇಳಿದರೆ ಅವು ಜಗ್ಗುವುದಿಲ್ಲ. ಕೊಲ್ಲುವುದು ಒಮ್ಮೆಗೇ ಏರುವ ವೋಲ್ಟೇಜ್ ಮತ್ತು ಸಿಡಿಲು. ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ದುಬಾರಿ ಸರ್ಜ್ ಪ್ರೊಟೆಕ್ಟರ್ ಹಾಕುವುದು ಚರಂಡಿ ಇಲ್ಲದ ಮನೆಗೆ ತೂಬು ಇಟ್ಟ ಹಾಗೆ, ನೀರು ಹೋಗುವುದೆಲ್ಲಿಗೆ?

ಸಿಡಿಲು ಕರೆಂಟಿನ ತಂತಿಯಲ್ಲೇ ಬರಬೇಕೆಂದಿಲ್ಲ. ತಾರಸಿಯ ಡಿಶ್‌ನಿಂದ ಇಳಿಯುವ ಕೇಬಲ್ಲಿನಲ್ಲಿ ಬಂದು ಸೆಟ್ ಟಾಪ್ ಬಾಕ್ಸ್ ಹಾದು, ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡ್ ಸುಡುತ್ತದೆ. ಎಷ್ಟೋ ಮನೆಯವರು ಪ್ಲಗ್ ಕಿತ್ತು ಡಿಶ್ ಕೇಬಲ್ ಬಿಟ್ಟು ಟಿವಿ ಕಳೆದುಕೊಂಡಿದ್ದಾರೆ. ಎರಡನ್ನೂ ಕೀಳಬೇಕು. ರಾತ್ರಿ ಸ್ವಿಚ್ ಆರಿಸಬೇಡಿ ಎಂದವನೇ ಗುಡುಗಿದಾಗ ಕೀಳಿ ಎನ್ನುತ್ತಿದ್ದಾನೆ ಎಂದು ನಗಬೇಡಿ. ಅದು ಒಎಲ್‌ಇಡಿಯ ಮಾತು, ಇದು ಎಲ್ಲಕ್ಕೂ.

ಗೋಡೆ ಯಾವುದರದ್ದು? ನಮ್ಮ ಕರಾವಳಿಯ ಕೆಂಪುಕಲ್ಲಿನ ಗೋಡೆಯಾದರೆ ಬರೀ ಪ್ಲಾಸ್ಟಿಕ್ ಪ್ಲಗ್ ನಂಬಬೇಡಿ. ಕಲ್ಲಿನಲ್ಲಿ ತೂತುಗಳಿರುತ್ತವೆ, ಡ್ರಿಲ್ ಹಾಕಿದರೆ ಪುಡಿ ಉದುರುತ್ತದೆ. 75 ಇಂಚಿನದು ಮೂವತ್ತು ಕಿಲೋ ಮೀರುತ್ತದೆ. ಸಂಶಯವಿದ್ದರೆ ಗೋಡೆಗೆ ಬೇಡ, ಗಟ್ಟಿ ಮೇಜಿನ ಮೇಲೆ ಅದರ ಕಾಲಿನಲ್ಲೇ ನಿಲ್ಲಿಸಿ.

ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಮಲಗಿಸಲು ಬಿಡಬೇಡಿ. ನಿಂತೇ ಬರಬೇಕು, ನಿಂತೇ ಏರಬೇಕು. ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಒಡೆದ ಗಾಜಿಗೆ ವಾರಂಟಿ ಇಲ್ಲ.

ತುಂಗೆಯ ದಡ, ಮಾರ್ಚ್ 29

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಟಿವಿ ಬಂದಿದೆ.

75 ಇಂಚಿನ ಮಿನಿ ಎಲ್‌ಇಡಿ, ವಿಎ ಪ್ಯಾನೆಲ್, 120 ಹರ್ಟ್ಸ್. ಅಪ್ಪನನ್ನೂ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಪೆನ್‌ಡ್ರೈವ್‌ನ ಕ್ರಿಕೆಟ್ ತುಣುಕು ಹಾಕಿದಾಗ ಮೊದಲು ನೋಡಿದ ಟಿವಿಯ ಬಲಮೂಲೆಯಲ್ಲಿ ಕಲೆ ನಿಂತದ್ದನ್ನು ಮೊದಲು ಗುರುತಿಸಿದ್ದು ಅಪ್ಪ. "ಅಲ್ಲಿ ಯಾರೋ ಎಣ್ಣೆ ಕೈ ಇಟ್ಟಿದ್ದಾರೆ" ಎಂದರು. ಅಂಗಡಿಯವನು ಬಟ್ಟೆ ತಂದು ಒರೆಸಿಯೂ ನೋಡಿದ. ಬೇರೆ ಕಂಪನಿಯದನ್ನು ಆರಿಸಿದೆವು. ಹೆಸರು ಬೇಡ, ಮತ್ತೆ ಇಲ್ಲಿ ಜಗಳವಾಗುತ್ತದೆ.

ಪೆಟ್ಟಿಗೆ ಆರು ಅಡಿ ಉದ್ದ. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ತಂದ ಇಬ್ಬರೂ "ಸ್ವಲ್ಪ ಮಲಗಿಸುತ್ತೇವೆ ಸರ್" ಎಂದರು. ನಾನು ಸ್ಕ್ರೂಡ್ರೈವರ್ ಅವರನ್ನು ನೆನೆದು ಒಪ್ಪಲಿಲ್ಲ. ಕೊನೆಗೆ ಮೆಟ್ಟಿಲಿನ ಕಬ್ಬಿಣದ ಕಟಾಂಜನದ ಮೇಲೆ ಎತ್ತಿ, ಪಕ್ಕದ ಮನೆಯವರ ಕಾಂಪೌಂಡಿನಿಂದ ಮೂರನೆಯವರು ಹಿಡಿದು, ಅಂತೂ ನಿಂತೇ ಏರಿತು.

ಮೊದಲ ದಿನವೇ ಹೊಸ ಜಗಳ. ನಾನು ಫಿಲ್ಮ್‌ಮೇಕರ್ ಮೋಡ್ (ಸಿನಿಮಾವನ್ನು ಮಾಡಿದವರು ಬಯಸಿದಂತೆಯೇ ತೋರಿಸುವ ಹೊಂದಿಕೆ) ಹಾಕಿಟ್ಟು ಕಚೇರಿಗೆ ಹೋದೆ. ಸಂಜೆ ಬಂದಾಗ ಅಪ್ಪ, "ಇಷ್ಟು ದುಡ್ಡು ಕೊಟ್ಟು ಕಾಮಾಲೆ ಹಿಡಿದ ಟಿವಿ ತಂದಿದ್ದೀಯ" ಎಂದರು. ಎಲ್ಲರ ಮುಖವೂ ಹಳದಿಯಂತೆ. ಇದಕ್ಕೆ ಯಾರಾದರೂ ಪರಿಹಾರ ಹೇಳುತ್ತೀರಾ?

ಕತ್ತಲೆಕೋಣೆ, ಮಾರ್ಚ್ 29

ಹಳದಿ ಅಲ್ಲ, ಸಿನಿಮಾ ಮಾಡುವವರು ನೋಡುವ ಬಿಳಿಯೇ ಅದು. ಅಂಗಡಿಯ ನೀಲಿ ಬಿಳುಪು ನೋಡಿ ನೋಡಿ ನಮ್ಮ ಕಣ್ಣು ಕೆಟ್ಟಿದೆ. ಆದರೆ ಅಪ್ಪನಿಗೆ ಪಾಠ ಮಾಡಲು ಹೋಗಬೇಡಿ. ಬಹುತೇಕ ಟಿವಿಗಳು ಚಿತ್ರದ ಹೊಂದಿಕೆಯನ್ನು ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. "ಎಲ್ಲ ಕಿಂಡಿಗಳಿಗೂ ಅನ್ವಯಿಸು" ಎಂಬುದನ್ನು ತೆಗೆದುಹಾಕಿ. ಸೆಟ್ ಟಾಪ್ ಬಾಕ್ಸ್ ಇರುವ ಕಿಂಡಿಗೆ ಸ್ಟ್ಯಾಂಡರ್ಡ್, ಹೊಳಪು ಪೂರ್ತಿ, ತಂಪು ಬಣ್ಣ. ನಿಮ್ಮ ಸಿನಿಮಾ ಆ್ಯಪ್‌ಗಳಿಗೆ ಫಿಲ್ಮ್‌ಮೇಕರ್ ಮೋಡ್, ಚಲನೆಯನ್ನು ನಯಗೊಳಿಸುವ ಆಯ್ಕೆ ಬಂದ್. ಅಪ್ಪನಿಗೊಂದು ಟಿವಿ, ನಿಮಗೊಂದು ಟಿವಿ, ಗೋಡೆ ಒಂದೇ.

ಅಡುಗೆಮನೆಯ ಕಿಟಕಿ, ಮಾರ್ಚ್ 30

ಅಮ್ಮನ ಕುರ್ಚಿ ಏನಾಯಿತು?

ತುಂಗೆಯ ದಡ, ಏಪ್ರಿಲ್ 14

ಕತ್ತಲೆಕೋಣೆಯವರ ಉಪಾಯ ಕೆಲಸ ಮಾಡಿತು. ಈಗ ಬೆಳಗ್ಗೆ ಎಂಟೂವರೆಯ ಬಿಸಿಲಿನಲ್ಲೂ ಸುದ್ದಿಯ ಪಟ್ಟಿ ಓದಬಹುದು. ಅಪ್ಪ ರಾತ್ರಿ ಸ್ವಿಚ್ ಆರಿಸುತ್ತಾರೆ, ಈ ಟಿವಿಗೆ ಅದರಿಂದ ಏನೂ ಇಲ್ಲ. ರಾತ್ರಿ ಅಡಿಬರಹದ ಹಿಂದೆ ಮಂಜು ಏಳುವುದು ಮೊದಲ ಎರಡು ವಾರ ಕಾಡಿತು. ಅಕ್ಷರವನ್ನು ಬೂದುಬಣ್ಣ ಮಾಡಿದ ಮೇಲೆ ಹುಡುಕಿದರೆ ಮಾತ್ರ ಕಾಣುತ್ತದೆ. ಕಪ್ಪು, ಒಎಲ್‌ಇಡಿಯ ಕಪ್ಪಲ್ಲ. ಅಂಗಡಿಯಲ್ಲಿ ಅಕ್ಕಪಕ್ಕ ನೋಡಿದ್ದೇನಾದ್ದರಿಂದ ಆ ಆಸೆ ಒಳಗೆ ಉಳಿದಿದೆ, ಸುಳ್ಳು ಹೇಳುವುದಿಲ್ಲ. ನಡುವಿನ ಸ್ಪೀಕರ್‌ನ ಕೆಳಗೆ ಹವಾಯಿ ಚಪ್ಪಲಿಯ ತುಂಡು ಇಟ್ಟೆ, ಹಳೆಯ ರೇಡಿಯೊ ಅವರಿಗೆ ನಮಸ್ಕಾರ.

ಮೇಡಂ, ಅಮ್ಮ ಎರಡು ದಿನ ಅದೇ ಕುರ್ಚಿಯಲ್ಲಿ ಕುಳಿತು "ಬಣ್ಣ ಹಳೆಯದರಲ್ಲೇ ಚೆನ್ನಾಗಿತ್ತು" ಎಂದರು. ಮೂರನೆಯ ದಿನ ತರಕಾರಿ ಬುಟ್ಟಿ ಹಿಡಿದು ಸೋಫಾಕ್ಕೆ ಬಂದರು. ಅಪ್ಪನ ಜಾಗ ಹೋಯಿತು.

ನಿನ್ನೆ ಮಧ್ಯಾಹ್ನ ಈ ವರ್ಷದ ಮೊದಲ ಗುಡುಗು. ನಾನು ಕಚೇರಿಯಲ್ಲಿದ್ದೆ. ಫೋನ್ ಬಂತು. ಅಪ್ಪ: "ಟಿವಿಯದ್ದು, ಡಿಶ್ಶಿನದ್ದು, ನಿನ್ನ ಸ್ಪೀಕರಿನದ್ದು, ಹಿಂದೆ ಇದ್ದದ್ದನ್ನೆಲ್ಲ ಕಿತ್ತಿದ್ದೇನೆ. ಹನ್ನೊಂದು ವೈರು. ಯಾವುದು ಎಲ್ಲಿಗೆ ಎಂದು ಈಗ ಗೊತ್ತಾಗುತ್ತಿಲ್ಲ. ಏಳು ಗಂಟೆಗೆ ಸುದ್ದಿ ಇದೆ, ಬೇಗ ಬಾ."